ಗದ್ದುಗೆಯ ಮುಂದೆ ಪ್ರಶ್ನೆ ಕೇಳಬಾರದೇ?

"ಅದು ನಂಬಿಕೆ ವಿಷಯ ಕಣಪ್ಪ, ಅದನ್ನೆಲ್ಲ ಕೇಳಬಾರದು."

ತ್ಯಾವಣಿಗೆಯ ಹೋಟೆಲಿನಲ್ಲಿ ಕೂತರೆ ಯಾವ ಮಾತಿಗೂ ಬರವಿಲ್ಲ. ಅಡಿಕೆ ದರ, ಭದ್ರಾ ನಾಲೆಯಲ್ಲಿ ನೀರು ಬಿಡುವ ದಿನ, ಮುಂದಿನ ಚುನಾವಣೆ, ಎಲ್ಲದಕ್ಕೂ ವಾದ, ಪ್ರತಿವಾದ. ಯಾರೂ ಯಾರಿಗೂ ಸೋಲುವುದಿಲ್ಲ. ಗದ್ದುಗೆ, ಬೃಂದಾವನ, ಪಾದುಕೆ, ದರ್ಗಾದ ಮಾತು ಬಂತೆಂದರೆ ಮಾತ್ರ ಈ ಒಂದು ವಾಕ್ಯ ಎದ್ದು ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಓದಿದವರು, ಓದದವರು, ಮೇಷ್ಟ್ರು, ಮೆಂಬರು, ಎಲ್ಲರ ಬಾಯಲ್ಲೂ ಅದೇ. ನಂಬಿಕೆಗೂ ಪ್ರಶ್ನೆಗೂ ಆಗಿಬರುವುದಿಲ್ಲ, ಒಂದಿದ್ದಲ್ಲಿ ಇನ್ನೊಂದು ಇರಲಾರದು ಎಂಬುದು ಈಗ ಊರೂರಲ್ಲಿ ಒಪ್ಪಿತವಾದ ಅಭಿಪ್ರಾಯ.

ಈ ಅಭಿಪ್ರಾಯ ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಗದ್ದುಗೆಗೆ ಕೈಮುಗಿಯುವ ಮನೆಯಲ್ಲಿ ಹುಟ್ಟಿದವನು, ಈಗಲೂ ಕೈಮುಗಿಯುವವನು. ಆ ಸಲುಗೆಯಿಂದಲೇ ಹೇಳುತ್ತೇನೆ: ಪೂಜ್ಯರ ಅವಶೇಷಗಳನ್ನು ಕುರಿತ ಪ್ರಶ್ನೆ ಹೊರಗಿನಿಂದ ಬಂದ ನಾಸ್ತಿಕರ ಸೊತ್ತಲ್ಲ. ಅದನ್ನು ಮೊದಲು ಕೇಳಿದವರು, ಗಟ್ಟಿಯಾಗಿ ಕೇಳಿದವರು ಭಕ್ತರೇ. "ಕೇಳಬಾರದು" ಎಂಬ ಮಾತಿನಿಂದ ಲಾಭವಾಗುವುದು ಭಕ್ತನಿಗಲ್ಲ, ಬಾಗಿಲ ಕೀಲಿ ಇಟ್ಟುಕೊಂಡವನಿಗೆ.

ನಮ್ಮ ದಾವಣಗೆರೆ ಸೀಮೆಯನ್ನೇ ನೋಡಿ. ಹೊನ್ನಾಳಿಯ ಹಿರೇಕಲ್ಮಠದಲ್ಲಿ ಚನ್ನಪ್ಪಸ್ವಾಮಿಗಳ ಗದ್ದುಗೆಯಿದೆ. ಅದೇ ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದ ಮೇಲೆ ರಾಘವೇಂದ್ರ ರಾಯರ ಮೃತ್ತಿಕಾ ಬೃಂದಾವನವಿದೆ, ಜನ ಅದನ್ನು ಎರಡನೆಯ ಮಂತ್ರಾಲಯ ಎನ್ನುತ್ತಾರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಜಾಗ. ಪ್ರತಿ ಫೆಬ್ರುವರಿಯಲ್ಲಿ ಮಾಲೆ ಧರಿಸಿದ ಬಂಜಾರರು ನಡೆದುಕೊಂಡೇ ಅಲ್ಲಿಗೆ ಬರುತ್ತಾರೆ. ಜಗಳೂರಿನಿಂದ ಆಚೆ ಕಾಲಿಟ್ಟರೆ ನಾಯಕನಹಟ್ಟಿ, ತಿಪ್ಪೇರುದ್ರಸ್ವಾಮಿಯ ಹೊರಮಠ. ಇಂಥ ನಾಡಿನಲ್ಲಿ ಅವಶೇಷದ ಪೂಜೆಯನ್ನು ಹೀಗಳೆಯುವುದು ಜನರನ್ನೇ ಹೀಗಳೆದಂತೆ. ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಈ ಜಾಗಗಳೆಲ್ಲ ನಮ್ಮವೇ ಎಂದಮೇಲೆ ಅವುಗಳ ಬಗ್ಗೆ ಕೇಳುವ ಹಕ್ಕೂ ನಮ್ಮದೇ.

ಗದ್ದುಗೆ ಎಂದರೆ ಏನು ಎಂಬುದು ಪುಸ್ತಕ ನೋಡಿ ತಿಳಿಯಬೇಕಾದ ಸಂಗತಿಯಲ್ಲ. ನಮ್ಮ ಲಿಂಗಾಯತ ಮನೆಗಳಲ್ಲಿ ಹಿರಿಯರು ತೀರಿಕೊಂಡಾಗ ಎಲ್ಲರೂ ಕಣ್ಣಾರೆ ಕಂಡದ್ದು. ಹೂವಿನಿಂದ ಸಿಂಗರಿಸಿದ ವಿಮಾನದಲ್ಲಿ ದೇಹವನ್ನು ಕೂರಿಸಿಕೊಂಡೇ ತರುತ್ತಾರೆ. ಹೊಲದ ಅಂಚಿನಲ್ಲೋ ತೋಟದ ಮೂಲೆಯಲ್ಲೋ ಗುಣಿ ತೆಗೆದಿರುತ್ತಾರೆ. ಗುಣಿಯ ಒಂದು ಗೋಡೆಗೆ ಮೂರು ಮೂಲೆಯ ಗೂಡು. ಅದರಲ್ಲಿ ಕಾಲು ಮಡಚಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಸುತ್ತ ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬುತ್ತಾರೆ. ಆಮೇಲೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು. ಮಠಾಧಿಪತಿಗೂ ಇದೇ ಕ್ರಿಯೆ, ಮೂರು ಎಕರೆಯ ಒಡೆಯನಿಗೂ ಇದೇ ಕ್ರಿಯೆ. ವಿಭೂತಿ ಗಟ್ಟಿಗಳ ಲೆಕ್ಕ ಹೆಚ್ಚು ಕಡಿಮೆ ಇರಬಹುದು, ಮೇಲೆ ಕಟ್ಟುವ ಕಲ್ಲು ದೊಡ್ಡದಿರಬಹುದು. ಮಣ್ಣಿನೊಳಗೆ ಆಗುವುದು ಮಾತ್ರ ಇಬ್ಬರಿಗೂ ಒಂದೇ. ಈ ಸಮಾನತೆಯನ್ನು ಕೊಟ್ಟ ಧರ್ಮವೇ ಒಂದು ಗುಣಿಯ ಮೇಲೆ ಬೆಳ್ಳಿಯ ಬಾಗಿಲು ನಿಲ್ಲಿಸಿ, ಇನ್ನೊಂದರ ಮೇಲೆ ಅಡಿಕೆ ಸಸಿ ನೆಟ್ಟಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳಿದರೆ ಅದು ಅಧರ್ಮವೇ?

ಅಲ್ಲಮಪ್ರಭು ಕೇಳಿದ್ದು ಇದನ್ನೇ. ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗ ನಮ್ಮ ಪುರಾಣ ಪ್ರವಚನಗಳಲ್ಲಿ ಎಷ್ಟು ಸಲ ಕೇಳಿಲ್ಲ! ಸಾಧನೆಯಿಂದ ದೇಹವನ್ನು ವಜ್ರದಂತೆ ಗಟ್ಟಿ ಮಾಡಿಕೊಂಡ ಗೋರಕ್ಷ ತನ್ನ ಮೈಯನ್ನು ಕತ್ತಿಗೆ ಒಡ್ಡುತ್ತಾನೆ. ಹೊಡೆದರೆ ಖಣಿಲ್ ಎಂದು ಸದ್ದು ಬರುತ್ತದೆ, ಗಾಯವಿಲ್ಲ. ಆಮೇಲೆ ಅವನೇ ಕತ್ತಿ ಹಿಡಿದು ಅಲ್ಲಮನ ಮೇಲೆ ಬೀಸಿದರೆ ಅದು ಗಾಳಿಯಲ್ಲಿ ಹಾದಂತೆ ಹಾದುಹೋಗುತ್ತದೆ. ಗೋರಕ್ಷ ನಾಚಿ ತಲೆಬಾಗುತ್ತಾನೆ. ಕೆಡದ ದೇಹವನ್ನು ಸಿದ್ಧಿ ಎಂದು ನಂಬಿದವನು ಸೋತ, ಬಯಲಾದವನು ಗೆದ್ದ. ಸಂತನ ದೇಹ ಕೊಳೆಯಲಿಲ್ಲ, ಆದ್ದರಿಂದ ಅವನು ದೊಡ್ಡವನು ಎಂಬ ವಾದಕ್ಕೆ ಇದಕ್ಕಿಂತ ಖಡಕ್ಕಾದ ಉತ್ತರ ಜಗತ್ತಿನ ಯಾವ ಧರ್ಮದ ಒಳಗಿನಿಂದಲೂ ಬಂದದ್ದನ್ನು ನಾನು ಕಂಡಿಲ್ಲ. ಸ್ಥಾವರ ಮತ್ತು ಜಂಗಮವನ್ನು ಎದುರುಬದುರು ನಿಲ್ಲಿಸಿದ ಬಸವಣ್ಣನ ವಚನವನ್ನು ಶಾಲೆಯಲ್ಲಿ ಬಾಯಿಪಾಠ ಮಾಡದವರು ನಮ್ಮಲ್ಲಿ ಯಾರಿದ್ದಾರೆ? ಬಾಯಿಪಾಠ ಮಾಡಿದ ನಾವೇ ಗದ್ದುಗೆಯ ಬಗ್ಗೆ ತುಟಿ ಬಿಚ್ಚಬಾರದು ಎನ್ನುತ್ತೇವೆ. ಹಾಗೆನ್ನುವವರು ಶರಣರನ್ನು ಕಾಪಾಡುತ್ತಿಲ್ಲ, ಶರಣರ ಬಾಯಿಯನ್ನೇ ಮುಚ್ಚುತ್ತಿದ್ದಾರೆ.

ಲಿಂಗಾಯತರದು ಹಾಗಿರಬಹುದು, ಬೇರೆ ಕಡೆ ನಂಬಿಕೆ ಎಂದರೆ ನಂಬಿಕೆಯೇ ಎನ್ನುವವರಿಗೆ ಒಂದು ಕೂದಲೆಳೆಯ ಕತೆ ಹೇಳಬೇಕು. ಇದರ ಒಂದು ತುದಿ ನಮ್ಮ ವಿಜಯಪುರದಲ್ಲಿದೆ. ಮುಹಮ್ಮದ್ ಆದಿಲ್‌ಶಾಹ ನ್ಯಾಯದಾನಕ್ಕೆಂದು ಕಟ್ಟಿಸಿದ ಅಸರ್ ಮಹಲ್ ಆಮೇಲೆ ಪ್ರವಾದಿಯವರ ಗಡ್ಡದ ಕೂದಲನ್ನು ಇಟ್ಟ ಪವಿತ್ರ ಜಾಗವಾಯಿತು. ಕಾಶ್ಮೀರದ ಹಜರತ್‌ಬಲ್‌ನಲ್ಲಿರುವ ಕೂದಲೂ 1635ರಲ್ಲಿ ಮದೀನಾದಿಂದ ಮೊದಲು ಬಂದದ್ದು ವಿಜಯಪುರಕ್ಕೇ ಎಂಬುದು ಐತಿಹ್ಯ. ಸಯ್ಯದ್ ಅಬ್ದುಲ್ಲಾ ಎಂಬವರು ತಂದರು, ಅವರ ಮಗನ ಕಾಲಕ್ಕೆ ಕಷ್ಟ ಬಂದು ಅದು ಕಾಶ್ಮೀರದ ವ್ಯಾಪಾರಿಯೊಬ್ಬನ ಕೈಸೇರಿತು, ಔರಂಗಜೇಬ ಅದನ್ನು ಕಿತ್ತುಕೊಂಡು ಅಜ್ಮೀರಕ್ಕೆ ಕಳಿಸಿದ, ಕೊನೆಗೆ ಅದು ಕಾಶ್ಮೀರ ಮುಟ್ಟಿತು ಎನ್ನುತ್ತಾರೆ.

1963ರ ಡಿಸೆಂಬರ್ 27ರಂದು ಆ ಕೂದಲು ಹಜರತ್‌ಬಲ್‌ನಿಂದ ಕಾಣೆಯಾಯಿತು. ಕೊರೆಯುವ ಚಳಿಯಲ್ಲಿ ಲಕ್ಷಾಂತರ ಜನ ಶ್ರೀನಗರದ ಬೀದಿಗಿಳಿದರು. ಕಳವಿನ ಸುದ್ದಿಯ ಕಿಡಿ ಪೂರ್ವ ಪಾಕಿಸ್ತಾನದ ಖುಲ್ನಾವರೆಗೂ, ಆಮೇಲೆ ಕಲ್ಕತ್ತೆಗೂ ಹಬ್ಬಿ ಜನ ಸತ್ತರು. ಗುಪ್ತಚರ ಇಲಾಖೆಯ ಮುಖ್ಯಸ್ಥ ಬಿ.ಎನ್. ಮಲ್ಲಿಕ್ ಅವರನ್ನೇ ಕಳಿಸಬೇಕಾಯಿತು. 1964ರ ಜನವರಿ 4ರಂದು ಕೂದಲು ಸಿಕ್ಕಿತು ಎಂದು ಸರ್ಕಾರ ಸಾರಿತು.

"ನಂಬಿಕೆ ಪ್ರಶ್ನೆ ಕೇಳುವುದಿಲ್ಲ" ಎಂಬುದು ನಿಜವಾಗಿದ್ದರೆ ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಕೂದಲು ಸಿಕ್ಕಿದೆ, ನಂಬಿ, ಮನೆಗೆ ಹೋಗಿ. ಆದರೆ ಜನ ಹೋಗಲಿಲ್ಲ. ಇದು ಅದೇ ಕೂದಲು ಎನ್ನುವುದಕ್ಕೆ ಏನು ಆಧಾರ ಎಂದು ಪಟ್ಟು ಹಿಡಿದರು. ನಮ್ಮ ಹಿರಿಯರು ಕಣ್ಣಿಂದ ನೋಡಿ ಹೇಳಬೇಕು, ಸರ್ಕಾರದ ಮಾತು ಸಾಲದು ಎಂದರು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶ್ರೀನಗರಕ್ಕೆ ಹೋಗಿ ಆ ದರ್ಶನಕ್ಕೆ ಒಪ್ಪಿಗೆ ಕೊಡಿಸಿದರು. ಫೆಬ್ರುವರಿ 3ರಂದು ಮೀರಕ್ ಶಾಹ ಕಾಶಾನಿ ಎಂಬ ವೃದ್ಧ ಫಕೀರರು ಕೂದಲನ್ನು ಕಣ್ಣ ಹತ್ತಿರ ಹಿಡಿದು ನೋಡಿ ಹೌದು ಎಂದ ಮೇಲೆಯೇ ಕಾಶ್ಮೀರ ಉಸಿರು ಬಿಟ್ಟಿತು.

ಆ ಒಂದು ತಿಂಗಳು ಅಲ್ಲಿ ಪ್ರಶ್ನೆ ಕೇಳುತ್ತಿದ್ದವರು ಯಾರು? ವಿಚಾರವಾದಿಗಳಲ್ಲ, ಐದು ಹೊತ್ತು ನಮಾಜು ಮಾಡುವವರು. ಅವರ ಪರೀಕ್ಷೆ ಪ್ರಯೋಗಾಲಯದ್ದಾಗಿರಲಿಲ್ಲ, ಮೊದಲು ನೋಡಿದ್ದ ಕಣ್ಣಿನದು. ಆ ಪರೀಕ್ಷೆ ಸಾಕೇ ಎಂಬುದು ಬೇರೆ ಮಾತು. ಪರೀಕ್ಷೆ ಬೇಕು ಎಂದವರು ಭಕ್ತರು, ಬೇಡ ಎಂದವರು ಅಧಿಕಾರದಲ್ಲಿದ್ದವರು. ಇದನ್ನು ನಾವು ನೆನಪಿಡಬೇಕು. ಕ್ರೈಸ್ತರಲ್ಲೂ ಹೀಗೇ ಆಗಿದೆ. ಏಸುವಿನ ಶವಕ್ಕೆ ಹೊದಿಸಿದ್ದು ಎನ್ನಲಾಗುವ ಟ್ಯೂರಿನ್ ವಸ್ತ್ರವನ್ನು 1988ರಲ್ಲಿ ಮೂರು ಪ್ರಯೋಗಾಲಯಗಳು ಪರೀಕ್ಷಿಸಿ ಬಟ್ಟೆ 1260ರಿಂದ 1390ರ ನಡುವಿನದು ಎಂದವು. ಅದಕ್ಕೂ ಸುಮಾರು ಆರುನೂರು ವರ್ಷ ಹಿಂದೆ, 1389ರಲ್ಲೇ, ಅದು ಚಿತ್ರಗಾರನೊಬ್ಬನ ಕೈಕೆಲಸ ಎಂದು ಪೋಪ್‌ಗೆ ಪತ್ರ ಬರೆದವರು ಫ್ರಾನ್ಸಿನ ಒಬ್ಬ ಬಿಷಪ್.

ಮುಂಬಯಿಯ ಹಾಜಿ ಅಲಿ ದರ್ಗಾದ ಮಾತು ಇನ್ನೂ ಹತ್ತಿರದ್ದು. ಅಲ್ಲಿ ಹೆಂಗಸರು ಸಮಾಧಿಯ ಬಳಿಗೇ ಹೋಗಿ ಹೂ ಇಟ್ಟು ಬರುತ್ತಿದ್ದರು. 2012ರ ಸುಮಾರಿಗೆ ಅವರನ್ನು ಒಳಗೆ ಬಿಡುವುದು ನಿಂತಿತು. ಕಾರಣ ಕೇಳಿದರೆ ಧರ್ಮದ ವಿಷಯ ಎಂಬ ಉತ್ತರ. ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದವರು ಹೈಕೋರ್ಟಿಗೆ ಹೋದರು, 2016ರ ಆಗಸ್ಟ್ 26ರಂದು ತೀರ್ಪು ಅವರ ಕಡೆಗಾಯಿತು. ಆ ಹೆಂಗಸರಿಗೆ ದರ್ಗಾ ಬೇಡವಾಗಿರಲಿಲ್ಲ, ಬೇಕಾಗಿತ್ತು. ಬೇಕಾದವರೇ ಕೇಳುತ್ತಾರೆ, ಬೇಡವಾದವರು ಬೇರೆ ದಾರಿ ಹಿಡಿಯುತ್ತಾರೆ. "ಹಿಂದಿನಿಂದ ಬಂದದ್ದು" ಎಂದು ನಮಗೆ ಹೇಳುವ ಎಷ್ಟು ಕಟ್ಟಳೆಗಳು ಹೀಗೆ ನಿನ್ನೆ ಮೊನ್ನೆಯವು ಎಂಬುದು ಕೇಳಿದರೆ ತಾನೆ ತಿಳಿಯುವುದು?

ಕೇಳದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ, ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳು. ಅದರಲ್ಲಿ ವ್ಯಾಸರಾಯರದೂ ಒಂದು. ಕೃಷ್ಣದೇವರಾಯ ಗುರುವೆಂದು ಗೌರವಿಸಿದವರು, ಪುರಂದರದಾಸರಿಗೆ ದೀಕ್ಷೆ ಕೊಟ್ಟವರು, 1539ರಲ್ಲಿ ಬೃಂದಾವನಸ್ಥರಾದವರು. 2019ರ ಜುಲೈ ತಿಂಗಳ ಒಂದು ರಾತ್ರಿ ಆ ಬೃಂದಾವನವನ್ನು ಒಡೆದು ನೆಲಸಮ ಮಾಡಿ ಅಡಿಯಲ್ಲಿ ಅಗೆದರು. ನಾಡೆಲ್ಲ ಮರುಗಿತು. ಯಾವ ಕೋಮಿನ ಕೆಲಸ ಎಂದು ಊಹೆಗಳೂ ಹುಟ್ಟಿದವು. ಕೆಲವೇ ದಿನಗಳಲ್ಲಿ ಪೊಲೀಸರು ಹಿಡಿದಾಗ ಸಿಕ್ಕವರು ನಿಧಿಗಳ್ಳರು.

ಅವರು ದೇವರನ್ನು ನಂಬದವರಾಗಿರಲಿಲ್ಲ. ಅತಿಯಾಗಿ ನಂಬಿದವರು. ಮಹಾತ್ಮರ ಸಮಾಧಿಯಡಿ ಹೊನ್ನಿರುತ್ತದೆ ಎಂಬ ಮಾತನ್ನು ಕೇಳಿ, ಯಾಕೆ ಇರುತ್ತದೆ, ಸರ್ವಸ್ವವನ್ನೂ ಬಿಟ್ಟ ಸನ್ಯಾಸಿಯ ಕಾಲಡಿ ಹೊನ್ನು ಇಡುವವರು ಯಾರು ಎಂದು ಒಂದು ಗಳಿಗೆ ಕೂಡ ಯೋಚಿಸದೆ ಗುದ್ದಲಿ ಹಿಡಿದವರು. ಚನ್ನಗಿರಿ, ಜಗಳೂರು, ಚಿತ್ರದುರ್ಗದ ಕಡೆ ಹಾಳು ಗುಡಿಗಳ ಲಿಂಗ ಕಿತ್ತದ್ದು, ಬಸವನ ಹೊಟ್ಟೆ ಒಡೆದದ್ದು, ವೀರಗಲ್ಲು ಉರುಳಿಸಿದ್ದು ಯಾರಿಗೆ ಗೊತ್ತಿಲ್ಲ? ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು, ಕುಂಕುಮ ಇಟ್ಟು ಪೂಜೆ ಮಾಡಿಯೇ ಅಗೆಯುತ್ತಾರೆ. ಅವಶೇಷಗಳಿಗೆ ನಾಸ್ತಿಕನಿಂದ ಆದ ಹಾನಿಗಿಂತ ಈ ಪ್ರಶ್ನೆಯಿಲ್ಲದ ನಂಬಿಕೆಯಿಂದ ಆದ ಹಾನಿ ನಮ್ಮ ಸೀಮೆಯಲ್ಲಿ ಕಣ್ಣಿಗೆ ಹೊಡೆಯುವಂತಿದೆ. "ಕೇಳಬಾರದು" ಎಂದು ಮಕ್ಕಳಿಗೆ ಕಲಿಸಿದ ಊರಿನಲ್ಲಿ ಗುದ್ದಲಿ ಹಿಡಿದವನನ್ನು ತಡೆಯಲು ಯಾವ ಮಾತು ಉಳಿದಿರುತ್ತದೆ?

ಅದೇ ನವಬೃಂದಾವನದ ವಿಚಾರದಲ್ಲಿ ಇನ್ನೊಂದು ಜಗಳವಿದೆ. ಟೀಕಾಚಾರ್ಯ ಜಯತೀರ್ಥರ ಮೂಲ ಬೃಂದಾವನ ಕಾಗಿಣಾ ದಡದ ಮಳಖೇಡದಲ್ಲಿದೆ ಎಂದು ಉತ್ತರಾದಿ ಮಠದವರು, ಅದು ಇರುವುದು ಆನೆಗೊಂದಿಯಲ್ಲೇ ಎಂದು ರಾಯರ ಮಠದವರು. ಆರಾಧನೆ ಯಾರು ಮಾಡಬೇಕೆಂದು ಕೋರ್ಟಿನಿಂದ ಕೋರ್ಟಿಗೆ ಹೋಗಿದ್ದಾರೆ. ಹಳೆಯ ಗ್ರಂಥ, ಕಡತ, ಆಧಾರಗಳನ್ನು ಎರಡೂ ಕಡೆಯವರು ಮುಂದಿಡುತ್ತಾರೆ. ಇಬ್ಬರ ಮೇಲೂ ನನಗೆ ಗೌರವವಿದೆ. ಈ ವಾದದಲ್ಲಿ ಯಾರು ಸರಿ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಮಠಗಳೇ ಆಧಾರ ತೋರಿಸಿ ಎಂದು ಒಬ್ಬರನ್ನೊಬ್ಬರು ಕೇಳಬಹುದಾದರೆ ಸಾಲಿನಲ್ಲಿ ನಿಂತ ಭಕ್ತ ಕೇಳಿದಾಗ ಅದು ಅಪಚಾರ ಹೇಗಾಯಿತು?

ಕೇಳುವವರೆಲ್ಲ ಒಳ್ಳೆಯ ಮನಸ್ಸಿನಿಂದ ಕೇಳುತ್ತಾರೆ ಎಂದು ನಾನು ಹೇಳುತ್ತಿಲ್ಲ. 2024ರಲ್ಲಿ, ಹತ್ತು ವರ್ಷಕ್ಕೊಮ್ಮೆ ನಡೆಯುವ ಸಂತ ಫ್ರಾನ್ಸಿಸ್ ಕ್ಸೇವಿಯರ್‌ರ ದೇಹದರ್ಶನ ಗೋವಾದಲ್ಲಿ ಹತ್ತಿರ ಬರುತ್ತಿದ್ದಾಗ, ಅಲ್ಲಿಯ ಹಿಂದೂ ನಾಯಕರೊಬ್ಬರು ಆ ದೇಹದ ಡಿಎನ್‌ಎ ಪರೀಕ್ಷೆ ಆಗಬೇಕು ಎಂದರು. ಪ್ರತಿಭಟನೆಯಾಯಿತು, ಕೇಸಾಯಿತು. ಪರೀಕ್ಷೆ ಎಂಬ ಮಾತು ಕೇಳಿ ನಾನು ಖುಷಿಪಡಬೇಕಿತ್ತು, ಪಡಲಿಲ್ಲ. ತನ್ನ ಮನೆಯ ಬೃಂದಾವನ, ಪಾದುಕೆ, ಗದ್ದುಗೆಗೆ ಕೇಳದ ಪ್ರಶ್ನೆಯನ್ನು ಪಕ್ಕದವನ ಸಂತನಿಗೆ ಮಾತ್ರ ಕೇಳುವುದು ವಿಚಾರವಲ್ಲ, ಹಗೆ. ಇಂಥ ಕೇಳುವಿಕೆಯೇ "ಕೇಳಬಾರದು" ಎನ್ನುವವರ ಕೈ ಬಲಪಡಿಸುತ್ತದೆ. ಹೊರಗಿನವರು ಹಗೆಯಿಂದ ಕೇಳುತ್ತಾರೆ ಎಂದು ತೋರಿಸಿ ಒಳಗಿನವರ ಬಾಯಿಗೂ ಬೀಗ ಹಾಕುತ್ತಾರೆ.

ನಮ್ಮಲ್ಲಿ ಒಳಗಿದ್ದು ಕೇಳಿದವರಿಗೆ ಏನಾಯಿತೆಂಬುದನ್ನು ಮರೆಯುವಂತಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ, ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ವಿನಯದಿಂದಲೇ ಪತ್ರ ಬರೆದರು. ಪರೀಕ್ಷೆಗೆ ಅವಕಾಶ ಸಿಗಲಿಲ್ಲ, ಸಮಿತಿ ಹೆಚ್ಚು ದಿನ ಉಳಿಯಲೂ ಇಲ್ಲ. ನರಸಿಂಹಯ್ಯನವರು ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ ಸನ್ಯಾಸಿಯಂತೆ ಬದುಕಿದವರು. ಕೇಳುವವನು ಭೋಗಿಯೂ ಅಹಂಕಾರಿಯೂ ಆಗಿರುತ್ತಾನೆ ಎಂಬವರು ಅವರ ಬದುಕನ್ನು ಒಮ್ಮೆ ನೋಡಬೇಕು. ಎಂ.ಎಂ. ಕಲಬುರ್ಗಿಯವರು ವಚನಗಳನ್ನೇ ಉಸಿರಾಡಿದ ವಿದ್ವಾಂಸರು. ಚನ್ನಬಸವಣ್ಣನವರ ಹುಟ್ಟಿನ ಬಗ್ಗೆ ಆಧಾರಗಳನ್ನು ಕೂಡಿಸಿ ಬರೆದದ್ದಕ್ಕೆ 1989ರಲ್ಲಿ ಮಠದ ಮುಂದೆ ಮಾತು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಉಳವಿಯ ಚನ್ನಬಸವಣ್ಣನ ಗದ್ದುಗೆಗೆ ವರ್ಷವರ್ಷ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುವ ಜನರ ಪ್ರೀತಿಯನ್ನು ಕಲಬುರ್ಗಿಯವರ ಬರಹ ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಿಲ್ಲ. ಗಾಡಿಗಳು ಈಗಲೂ ಹೋಗುತ್ತಿವೆ. ಪ್ರಶ್ನೆಯಿಂದ ಭಕ್ತಿ ಕರಗುತ್ತದೆ ಎಂಬ ಹೆದರಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಇದೊಂದೇ ಸಾಕು.

ನನ್ನ ವಿಚಾರವಾದಿ ಗೆಳೆಯರೊಡನೆಯೂ ನನಗೆ ತಕರಾರಿದೆ. ಸುಳ್ಳು ಎಂದು ಸಾಬೀತಾಯಿತು, ಇನ್ನು ಮನೆಗೆ ಹೋಗಿ ಎಂದರೆ ಜನ ಹೋಗುವುದಿಲ್ಲ. ಟ್ಯೂರಿನ್‌ನಲ್ಲೂ ಹೋಗಿಲ್ಲ. ಮಂತ್ರಾಲಯದ ಮಣ್ಣು ತಂದು ನೂರಾರು ಊರಲ್ಲಿ ಬೃಂದಾವನ ಕಟ್ಟಿದ್ದಾರೆ. ಆ ಮಣ್ಣಿನಲ್ಲಿ ಏನಿದೆ ಎಂದು ಅಳೆದರೆ ಸಿಗುವುದು ಮಣ್ಣೇ. ಅದು ಅಲ್ಲಿ ನಮಸ್ಕರಿಸುವ ತಾಯಿಗೂ ಗೊತ್ತು. ಅವಳು ಅಲ್ಲಿಗೆ ತಂದಿರುವುದು ತನ್ನ ಮಗನ ಜ್ವರವನ್ನು, ಮಗಳ ಮದುವೆಯ ಚಿಂತೆಯನ್ನು. ಅವಳಿಗೆ ಬೈಯುವ ವಿಚಾರವಾದ ನನಗೆ ಬೇಡ. ಆದರೆ ಅವಳ ಜ್ವರದ ಮಗನಿಗೆ ಡಾಕ್ಟರು ಬೇಡ, ಮೃತ್ತಿಕೆ ಸಾಕು ಎಂದು ಯಾರಾದರೂ ಹೇಳಿದರೆ, ಅವನನ್ನು ತಡೆದು ಕೇಳುವ ಧೈರ್ಯ ಪಕ್ಕದಲ್ಲಿ ನಿಂತ ಭಕ್ತರಿಗೆ ಇರಬೇಕು. ನಾನು ಕೇಳುತ್ತಿರುವುದು ಅಷ್ಟೇ.

ನಾಯಕನಹಟ್ಟಿಯ ಮಾತು ಹೇಳದೆ ಇದನ್ನು ನಿಲ್ಲಿಸಲಾರೆ. ಜಾತ್ರೆಯ ದಿನ ತೇರಿನ ಬೀದಿಯಲ್ಲಿ ಒಣಕೊಬ್ಬರಿ ಸುಡುವ ಹೊಗೆ ಕಣ್ಣಿಗೆ ರಾಚುತ್ತದೆ. ತೇರಿನ ಮುಕ್ತಿ ಬಾವುಟದ ಹರಾಜು ಲಕ್ಷಾಂತರ ರೂಪಾಯಿಗೆ ಏರುತ್ತದೆ, ಕೂಗಿದವರ ಹೆಸರು ಮರುದಿನ ಪತ್ರಿಕೆಯಲ್ಲಿ. ತಿಪ್ಪೇರುದ್ರಸ್ವಾಮಿಯನ್ನು ನಮ್ಮ ಜನ ನೆನೆಯುವುದು ಮಾಡಿದಷ್ಟಕ್ಕೆ ತಕ್ಕ ಕೂಲಿ ಎಂಬ ಅವನ ಮಾತಿಗಾಗಿ ಮತ್ತು ಬರದ ಆ ಸೀಮೆಯಲ್ಲಿ ಜನರನ್ನು ಕೂಡಿಸಿ ಅವನು ಕಟ್ಟಿಸಿದನೆಂಬ ಕೆರೆಗಳಿಗಾಗಿ. ಗದ್ದುಗೆಯಲ್ಲಿ ಅವನ ಮೈ ಇದೆ, ಕೆರೆಯ ಏರಿಯಲ್ಲಿ ಅವನ ಕೆಲಸ ಇದೆ. ಬಾವುಟಕ್ಕೆ ಅಷ್ಟು ಕೂಗುವವರು ಆ ಕೆರೆಗಳ ಹೂಳಿಗೆ ಎಷ್ಟು ಕೊಟ್ಟರು ಎಂದು ಕೇಳುವುದು ಸ್ವಾಮಿಗೆ ಮಾಡುವ ಅಪಮಾನವೋ, ಸ್ವಾಮಿಯ ಮಾತಿಗೇ ಮಾಡುವ ಮರ್ಯಾದೆಯೋ?

ಮಠ, ಗುಡಿ, ದರ್ಗಾಗಳ ಆಡಳಿತದವರಲ್ಲಿ ನನ್ನ ಬೇಡಿಕೆ ಸರಳವಾದದ್ದು. ನಿಮ್ಮಲ್ಲಿರುವ ಗದ್ದುಗೆಯ, ಪಾದುಕೆಯ, ಅವಶೇಷದ ಚರಿತ್ರೆಯನ್ನು ಯಾವುದು ಶಾಸನದಲ್ಲಿದೆ, ಯಾವುದು ಬರೀ ಐತಿಹ್ಯ ಎಂದು ಬೇರ್ಪಡಿಸಿ ಬರೆಸಿ ಬಾಗಿಲಲ್ಲಿ ಹಾಕಿ. ಹುಂಡಿಯ ಲೆಕ್ಕವನ್ನು ವರ್ಷಕ್ಕೊಮ್ಮೆ ಅದೇ ಬೋರ್ಡಿನಲ್ಲಿ ತೋರಿಸಿ. ಹೆಂಗಸರನ್ನೋ ಯಾವುದೋ ಜಾತಿಯವರನ್ನೋ ಹೊಸಿಲ ಹೊರಗೆ ನಿಲ್ಲಿಸುತ್ತೀರಾದರೆ, ಆ ಕಟ್ಟಳೆ ಯಾವ ವರ್ಷದ್ದು, ಯಾರು ಮಾಡಿದ್ದು ಎಂಬುದನ್ನೂ ಬರೆಯಿರಿ.

ಓದುಗರಲ್ಲೂ ಒಂದು ಮಾತು. ಈ ಸಲದ ಜಾತ್ರೆಗೆ ಖಂಡಿತ ಹೋಗಿ. ಹಣ್ಣುಕಾಯಿ ಮಾಡಿಸಿ, ಗದ್ದುಗೆಗೆ ತಲೆಬಾಗಿ, ಪ್ರಸಾದ ಉಂಡು ಬನ್ನಿ. ನಿಮ್ಮ ಜೊತೆ ಬಂದ ಮಗುವೊಂದು "ಇದರೊಳಗೆ ಏನಿದೆ ಅಜ್ಜ?" ಎಂದು ಕೇಳಿದರೆ ಅದರ ಬಾಯಿ ಮುಚ್ಚಿಸಬೇಡಿ. ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದನ್ನು ಇಬ್ಬರೂ ಸೇರಿ ಅಲ್ಲಿಯ ಸ್ವಾಮಿಗಳನ್ನೇ ಕೇಳಿ.